ಚಾವಡಿ ಒಣಗುವ ತನಕ

ಸಾಲಿ ಅರ್ಧಕ್ಕೆ ಬಿಟ್ಟು ನಾನು ಮೊದಲ ಸಲ ಮನೆಯಿಂದ ಹೊರಬಿದ್ದದ್ದು ಒಂದು ನಾಗರಪಂಚಮಿಯ ದಿನ. ಅವತ್ತಿನಿಂದ ಮನೆ ಕಟ್ಟುವ ಗೌಂಡಿ ಕೆಲಸ ಸಿಕ್ಕ ಊರೇ ನನ್ನೂರು. ಹೋದ ವರ್ಷ ಅಣ್ಣಿಗೇರಿ ಬಾಜುದ ಒಂದು ಹಳ್ಳಿಯಲ್ಲಿ ಚಾವಡಿಯ ನೆಲಕ್ಕೆ ಸಿಮೆಂಟ್ ಹಾಕಲು ಪಂಚಾಯ್ತಿ ಅಧ್ಯಕ್ಷೆ ಬಸಮ್ಮ ಕರೆಸಿದರು.

ನಾನು ನೆಲ ಕೆರೆಯುತ್ತಿದ್ದರೆ ಊರಗೌಡರು ಕಂಬಕ್ಕೊರಗಿ ಹೇಳಿದರು: "ನಮ್ಮಜ್ಜ ಇಲ್ಲೇ ಕುಂತು ನ್ಯಾಯ ಹೇಳ್ತಿದ್ದ. ಆಮ್ಯಾಲೆ ಮಂಡಲ ಪಂಚಾಯ್ತಿ ಬಂತು, ಗ್ರಾಮ ಪಂಚಾಯ್ತಿ ಬಂತು. ಎದುರಿಗೆ ಆಫೀಸ್ ಕಟ್ಟ್ಯಾರ. ಆದ್ರೂ ಮಾತು ಇಲ್ಲೇ ಮುಗಸ್ತೀವಿ, ಅಲ್ಲಿ ಬರೇ ಸಹಿ."

"ಮತ್ತ ಅಧ್ಯಕ್ಷರು?"

"ಹೆಣ್ಮಕ್ಕಳು ಚಾವಡಿ ಹತ್ತಂಗಿಲ್ಲಪಾ."

ಬಸಮ್ಮನ ಓಣಿಗೆ ನಳ ಬೇಕಿತ್ತು. ಆ ಮಾತು ಪ್ರತಿಸಲ ಚಾವಡಿಯ ಮೇಲೇ ಸಾಯುತ್ತಿತ್ತು.

ಮೀಟಿಂಗಿನ ದಿನ ಮುಂಜಾನೆ ಅವರೇ ಬಂದು, "ತಮ್ಮಾ, ಸಿಮೆಂಟ್ ಇವತ್ತ ಹಾಕು" ಅಂದರು.

"ಇವತ್ತ ಮೀಟಿಂಗ್ ಐತಲ್ರಿ ಅಕ್ಕಾರ?"

"ಅದಕ್ಕ."

ಮಧ್ಯಾಹ್ನ ಮೆಂಬರರು ಬಂದು ಹಸಿ ನೆಲ ನೋಡಿದರು. "ಏ ಗೌಂಡಿ, ನಾವೆಲ್ಲಿ ಕುಂದರೂದಲೇ?"

ಆಫೀಸಿನ ಬಾಗಿಲಲ್ಲಿ ನಿಂತ ಬಸಮ್ಮ ಕೂಗಿದರು: "ಇಲ್ಲಿ ಕುರ್ಚಿ ಅದಾವ, ಬರ್ರಿ ಕಾಕಾ!"

ಏನಾಗುತ್ತದೋ ಎಂದು ನಾನೂ ಕಿಟಕಿಗೆ ಹೋಗಿ ನಿಂತೆ. ನಡುವಿನ ಕುರ್ಚಿಯಲ್ಲಿ ಬಸಮ್ಮ. ಮೊದಲ ಮಾತೇ ನಳದ್ದು. ಅವರ ಮುಖದೆದುರು ಬ್ಯಾಡ ಅನ್ನಲಾರದೆ ಒಬ್ಬೊಬ್ಬರಾಗಿ ಎಲ್ಲರೂ ಸಹಿ ಹಾಕಿದರು.

ಮರುದಿನ ಗೌಡರು ಬಂದರು. "ಒಣಗೇತೇನೋ?"

ನಾನು ಬಾಯಿ ತೆರೆಯುವುದರೊಳಗೆ ಬಸಮ್ಮ ಹಿಂದಿನಿಂದ, "ಇನ್ನೂ ಒಂದು ತಿಂಗಳು ಯಾರೂ ಹತ್ತಬಾರದಂತ ಕಾಕಾ. ಹೌದಲ್ಲೋ ತಮ್ಮಾ?"

"ಹೌದ್ರಿ" ಅಂದೆ. ಅಂದವನೇ ಥಾಪಿ, ತೂಕಗುಂಡು ಎಲ್ಲ ಸಾಮಾನು ಚೀಲಕ್ಕೆ ಹಾಕಿದೆ. ಮೂರ್ನಾಲ್ಕು ದಿನಕ್ಕೇ ಹತ್ತಬಹುದೆಂದು ಯಾವ ಗೌಂಡಿಯಾದರೂ ಹೇಳುತ್ತಾನೆ; ಆ ಊರಿಗೆ ಇನ್ನೊಬ್ಬ ಗೌಂಡಿ ಬರುವ ಮೊದಲು ನಾನು ಬಸ್ಸು ಹಿಡಿಯಬೇಕಿತ್ತು.