ಅಣ್ಣನ ಅಂಗಡಿಯ ಬೋರ್ಡು

ಅಣ್ಣನ ಅಂಗಡಿ ಮಹಾರಾಷ್ಟ್ರದ ಅಕ್ಕಲಕೋಟದಲ್ಲಿ, ಬಸ್ ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ದಾರಿಯಲ್ಲಿತ್ತು. ಈಗಲೂ ಇದೆ. ಕಂಬಳಿ, ಹಗ್ಗ, ಎತ್ತಿನ ಗೆಜ್ಜೆ, ಕುರಿಯ ಕೊರಳಿಗೆ ಕಟ್ಟುವ ಗಂಟೆ, ಉಣ್ಣೆ ಕತ್ತರಿಸುವ ಕತ್ತರಿ, ಇಂಥವೆಲ್ಲ ಅಲ್ಲಿ ಸಿಗುತ್ತವೆ. ನಾವು ಅಲ್ಲೇ ಹತ್ತಿರದ ಹನ್ನೂರಿನವರು. ಒಂದಿಷ್ಟು ಹೊಲ, ಒಂದು ಕುರಿ ಹಿಂಡು, ಕುರಿಗಾರರ ದೇವರು ಬೀರೋಬನ ಒಕ್ಕಲು. ಅಣ್ಣನಿಗೆ ಕುರಿಯ ಹಿಂದೆ ತಿರುಗುವುದು ಆಗಿಬರಲಿಲ್ಲ. ಕುರಿ ಕಾಯುವವರೊಡನೆ ಕೂತು ಮಾತಾಡುವುದು ಬಲು ಇಷ್ಟ. ಅದಕ್ಕೇ ಅಂಗಡಿ ಹಾಕಿದ್ದಾನೆ ಎಂದು ನಮ್ಮವ್ವ ನಗುತ್ತಿದ್ದಳು.

ಸುತ್ತಲಿನ ಬೋರ್ಡುಗಳೆಲ್ಲ ಮರಾಠಿ. ಅಣ್ಣನದೊಂದು ಮಾತ್ರ ಕನ್ನಡ. ಅದಕ್ಕೆ ಕಾರಣ ವೈನಿ, ಅಂದರೆ ಅವನ ಹೆಂಡತಿ. ಅವರ ತವರು ಇಂಡಿ ಕಡೆಯ ಹಳ್ಳಿ. ಕನ್ನಡ ಶಾಲೆಯಲ್ಲಿ ಓದಿದವರು, ಮರಾಠಿ ಅಕ್ಷರ ಒಂದೂ ಬಾರದು. ಮದುವೆಯಾದ ಹೊಸದರಲ್ಲಿ ತವರಿನಿಂದ ಒಬ್ಬರೇ ಬಸ್ಸಿನಲ್ಲಿ ಬಂದಿಳಿದರು. ಅವರು ಊರಲ್ಲಿ ಇಲ್ಲದಾಗಲೇ ಅಣ್ಣ ಅಂಗಡಿಯ ಜಾಗ ಬದಲಿಸಿದ್ದ. ಬೋರ್ಡು ಓದಿ ಹುಡುಕೋಣವೆಂದರೆ ಓದಲು ಬಾರದು, ಯಾರನ್ನಾದರೂ ಕೇಳೋಣವೆಂದರೆ ಗಂಡನ ಹೆಸರು ಹೇಳಲು ನಾಚಿಕೆ. ಚೀಲ ಹಿಡಿದು ಆ ದಾರಿಯಲ್ಲಿ ಅತ್ತಿಂದಿತ್ತ ನಡೆದು ನಡೆದು, ಕೊನೆಗೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತುಬಿಟ್ಟಿದ್ದರು. ಸಂಜೆ ಅಣ್ಣ ಹುಡುಕಿಕೊಂಡು ಹೋದಾಗ ಅವರ ಕಣ್ಣು ಕೆಂಪಾಗಿದ್ದವಂತೆ. ಮರುದಿನವೇ ಅವನು ತಗಡು, ಬಣ್ಣ, ಬ್ರಷ್ಷು ತಂದು, ಬೀರೋಬನ ಹೆಸರನ್ನೂ ಕೆಳಗೆ ‘ಕಂಬಳಿ ಅಂಗಡಿ’ ಎಂದೂ ತನ್ನ ಕೈಯಿಂದಲೇ ದೊಡ್ಡದಾಗಿ ಬರೆದು ಏರಿಸಿದ. ಹೆಂಡತಿಗಾಗಿ ಬೋರ್ಡು ಹಾಕಿದವನೆಂದು ಪೇಟೆಯವರು ಅವನನ್ನು ಬಹಳ ದಿನ ಚೇಷ್ಟೆ ಮಾಡಿದರು.

ನಾನು ಸೊಲ್ಲಾಪುರದಲ್ಲಿ, ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದೊಳಗೆ ಒಬ್ಬ ಟ್ಯಾಕ್ಸ್ ಸಲಹೆಗಾರರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಪವರ್‌ಲೂಮ್ ಕಾರ್ಖಾನೆಗಳ, ಅಂಗಡಿಗಳ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ತುಂಬುವುದು ನನ್ನ ಕೆಲಸ. ಅಂಗಡಿಯ ನೋಂದಣಿಗೆ ಇಲ್ಲಿ ಎಲ್ಲರೂ ‘ಗುಮಾಸ್ತಾ’ ಎನ್ನುತ್ತಾರೆ. ಮೊದಲು ಅದಕ್ಕಾಗಿ ಕಚೇರಿಗೆ ಅಲೆಯಬೇಕಿತ್ತು. ರಾಜ್ಯದ ಹೊಸ ಕಾಯ್ದೆ ಬಂದ ಮೇಲೆ ಸಣ್ಣ ಅಂಗಡಿಯವರು ಮನೆಯಲ್ಲೇ ಕೂತು ಸೂಚನೆ ಕಳಿಸಿದರೆ ಸಾಕು, ಪಾವತಿ, ಅಂದರೆ ರಸೀದಿ, ಬರುತ್ತದೆ. ಮುಂದೆ ಅದೇ ಕಾಯ್ದೆಗೆ ತಿದ್ದುಪಡಿಯಾಯಿತು. ಒಬ್ಬಿಬ್ಬರು ಆಳಿರುವ ಅಂಗಡಿಗೂ ಮರಾಠಿ ಬೋರ್ಡು ಬೇಕು, ಮರಾಠಿ ಮೊದಲಿರಬೇಕು, ಬೇರೆ ಭಾಷೆಯ ಅಕ್ಷರಕ್ಕಿಂತ ಚಿಕ್ಕದಿರಬಾರದು ಎಂದಾಯಿತು.

ಇದನ್ನು ಫೋನಿನಲ್ಲಿ ಹೇಳಿದಾಗ ಅಣ್ಣನಿಗೆ ಬೇಸರವೇನೂ ಆಗಲಿಲ್ಲ. “ಬರಿಯೂಣ ತಂಗಿ, ಅದರಾಗೇನೈತಿ. ಇಲ್ಲಿ ನೀರ ಕುಡದೀವಿ, ಇಲ್ಲಿ ಭಾಷಾನೂ ನಮ್ದ,” ಅಂದ. ಮರಾಠಿಯಲ್ಲೂ ಅವನು ಕನ್ನಡದಷ್ಟೇ ಹರಟುತ್ತಿದ್ದ. ಆದರೆ ಇವತ್ತು ನಾಳೆ ಎನ್ನುತ್ತ ಬರೆಯುವುದು ಹಾಗೇ ಉಳಿಯಿತು.

ಆಮೇಲೆ ಅವನಿಗೆ ಜ್ವರ ಬಂತು. ಬಂದ ಜ್ವರ ಬಿಡಲಿಲ್ಲ. ಅಕ್ಕಲಕೋಟದ ಡಾಕ್ಟರರು ಸೊಲ್ಲಾಪುರಕ್ಕೆ ಕಳಿಸಿದರು. ರಕ್ತದ ಕಾಯಿಲೆಯೆಂದು ಅಲ್ಲಿ ತಿಳಿಯಿತು. ನಾನು ಆಫೀಸು ಮುಗಿಸಿ ದಿನಾ ಆಸ್ಪತ್ರೆಗೆ ಹೋಗುತ್ತಿದ್ದೆ. ಬೇರೆ ಮಾತಿಗೆ ಹೆದರಿಕೆಯಾಗಿ ನಾವು ಅಂಗಡಿಯ ಮಾತಾಡುತ್ತಿದ್ದೆವು. ಒಂದು ಸಂಜೆ ಅವನೇ ಬೋರ್ಡಿನ ವಿಷಯ ತೆಗೆದ. ಸಲೈನ್ ಹಾಕದ ಕೈಯನ್ನು ಎತ್ತಿ ಗಾಳಿಯಲ್ಲಿ ಒಂದು ಗೆರೆ ಎಳೆದ.

“ಮರಾಠಿ ಅಕ್ಷರ ಭಾಳ ಸಸಾರ. ಮೊದಲ ಹಗ್ಗ ಜಗ್ಗಿ ಕಟ್ಟಬೇಕು, ಆಮ್ಯಾಲ ಅದಕ್ಕ ಒಂದೊಂದ ಗಂಟಿ ಕಟ್ಟಿಕೋತ ಹೋಗೂದು. ಮನಿಗಿ ಬಂದ ಮ್ಯಾಲ ನಾನ ಬರೀತೀನಿ.”

ಮನೆಗೆ ಅವನನ್ನು ಆಂಬುಲೆನ್ಸಿನಲ್ಲಿ ತಂದೆವು. ಹನ್ನೂರಿನ ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಮಳೆಗಾಲ, ತೊಗರಿ ಆಗಷ್ಟೇ ಮೊಳಕೆಯೊಡೆದಿತ್ತು. ಬಂದ ಜನರ ಕಾಲಡಿಯಲ್ಲಿ ಒಂದು ಮೂಲೆಯ ಸಸಿಗಳೆಲ್ಲ ತುಳಿದುಹೋದವು.

ಸೂತಕದ ದಿನಗಳೆಲ್ಲ ಮುಗಿದ ಮೇಲೆ ಅಂಗಡಿಯನ್ನೇನು ಮಾಡುವುದೆಂಬ ಮಾತು ಬಂತು. ಮಾರಿಬಿಡಿ ಎಂದರು ಕೆಲವರು. ನಾನು ನಡೆಸುತ್ತೇನೆ ಎಂದರು ವೈನಿ. ಮೆಲ್ಲಗೆ ಹೇಳಿದರೂ ಎರಡನೆಯ ಮಾತಿಲ್ಲದಂತೆ ಹೇಳಿದರು. ಆದರೆ ಅಂಗಡಿಯ ಗುಮಾಸ್ತಾ ಅಣ್ಣನ ಹೆಸರಿನಲ್ಲಿತ್ತು. ಒಬ್ಬನೇ ಮಾಲಕನಿದ್ದ ವ್ಯಾಪಾರ ಅವನೊಂದಿಗೇ ಮುಗಿಯುತ್ತದೆ. ಹೆಂಡತಿಯೇ ಮುಂದುವರಿಸಿದರೂ ಹೊಸದಾಗಿ ಅವರ ಹೆಸರಿನಲ್ಲಿ ತುಂಬಬೇಕು. ಅದಿಲ್ಲದೆ ಬ್ಯಾಂಕಿನವರು ಅಂಗಡಿಯ ಖಾತೆ ತೆರೆಯುವುದಿಲ್ಲ. ಅರ್ಜಿಯ ಜೊತೆ ಅಂಗಡಿಯ ಫೋಟೋ ಹಚ್ಚಬೇಕು, ಆ ಫೋಟೋದಲ್ಲಿ ಮರಾಠಿ ಬೋರ್ಡು ಕಾಣಬೇಕು.

ನಾನು ದಿನವೂ ಗಿರಾಕಿಗಳಿಗೆ ಸಲೀಸಾಗಿ ಹೇಳುವ ಮಾತು ಅದು. ವೈನಿಯ ಮುಂದೆ ಕೂತು ಅದನ್ನು ತಡವರಿಸುತ್ತ ಹೇಳಿದೆ. ಅವರು ಸೆರಗಿನ ಅಂಚು ಮಡಚುತ್ತ ಕೇಳಿಸಿಕೊಂಡರು.

“ಅವರ ಕೈಲೆ ಬರದದ್ದು ತೆಗೀಬೇಕೇನು?”

“ತೆಗೀರಿ ಅಂತ ಕಾಯ್ದಾದಾಗ ಇಲ್ರಿ ವೈನಿ. ಮರಾಠಿ ಮ್ಯಾಲ ಇರಬೇಕು, ಕೆಳಗ ಇದು ಇರಬಹುದು.”

ಹಾಗಾದರೆ ಇರಲಿ ಅಂದರು. ಫ್ಲೆಕ್ಸ್ ಅಂಗಡಿಯವನನ್ನು ಕರೆಸಿದೆ. ಒಳ್ಳೆಯ ಮನುಷ್ಯ, ಅಣ್ಣನ ಪರಿಚಯದವನು. ಎರಡೂ ಭಾಷೆ ಸೇರಿಸಿ ಒಂದೇ ಫ್ಲೆಕ್ಸಿನಲ್ಲಿ ಚಂದಗೆ ಮಾಡಿಕೊಡುತ್ತೇನೆ, ಹಳೆಯ ತಗಡಿನ ಮೇಲೇ ಬಡಿದರಾಯಿತು ಅಂದ. ವೈನಿ ಬೇಡವೆಂದರು. ಹಳೆಯದನ್ನು ಮುಚ್ಚುವುದು ಬೇಡ, ಅದರ ಮೇಲೆ ಜಾಗವಿದೆ, ಅಲ್ಲಿಗೆ ಹೊಸ ತಗಡು ಹಾಕೋಣ, ನಾನೇ ಬರೆಯುತ್ತೇನೆ ಎಂದರು. ಬಾರದ ಅಕ್ಷರವನ್ನು ಬರೆಯುವುದು ಹೇಗೆಂದು ನಾನು ಕೇಳಲಿಲ್ಲ.

ಒಂದು ರವಿವಾರ ಹನ್ನೂರಿನ ಮನೆಯಂಗಳದಲ್ಲಿ ಆ ಕೆಲಸ ಆಯಿತು. ಅಣ್ಣನ ಮಗಳು ಹತ್ತನೇ ಇಯತ್ತೆಯಲ್ಲಿದ್ದಳು. ಓದುವುದು ಮರಾಠಿ ಶಾಲೆಯಲ್ಲಿ. ಅವಳು ಸೀಮೆಸುಣ್ಣದಿಂದ ತಗಡಿನ ಮೇಲೆ ದೊಡ್ಡ ಅಕ್ಷರ ಗೀಚಿಕೊಟ್ಟಳು. ವೈನಿ ಮಂಡಿಯೂರಿ ಕೂತು ಗೆರೆಯೊಳಗೆ ಬಣ್ಣ ತುಂಬಿದರು. ಬಣ್ಣ ಗೆರೆ ದಾಟಿದಲ್ಲಿ ಮಗಳು ಬಟ್ಟೆಯಿಂದ ಒರೆಸುತ್ತಿದ್ದಳು. ಅಳತೆ ನೋಡಲೆಂದು ಹಳೆಯ ಬೋರ್ಡನ್ನೂ ಇಳಿಸಿ ತಂದು ಪಕ್ಕದಲ್ಲಿ ಮಲಗಿಸಿದ್ದೆವು. ಹುಡುಗಿ ಅದನ್ನೇ ನೋಡುತ್ತಿದ್ದಳು. ಮನೆಯಲ್ಲಿ ಆಡುವುದು ಕನ್ನಡವಾದರೂ ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಸೂಟಿಯಲ್ಲಿ ಕಲಿಸುತ್ತೇನೆ ಎಂದು ಅಣ್ಣ ಪ್ರತಿ ಬೇಸಿಗೆಯಲ್ಲೂ ಹೇಳುತ್ತಿದ್ದ.

“ಅವ್ವಾ, ಪಪ್ಪಾ ಬರದದ್ದರಾಗ ಮೊದಲನೇದು ಯಾವ ಅಕ್ಷರ?” ಅಂದಳು.

ವೈನಿ ಬ್ರಷ್ಷು ಕೆಳಗಿಟ್ಟು, ಅಣ್ಣನ ಅಕ್ಷರಗಳ ಮೇಲೆ ಬೆರಳಿಡುತ್ತ ಒಂದೊಂದಾಗಿ ಹೇಳಿದರು. ಅವಳು ಹಿಂದೆಯೇ ಹೇಳುತ್ತ ಬಂದಳು. ದೇವರ ಹೆಸರು ಮುಗಿಯುವ ಮುಂಚೆಯೇ ಅವಳಿಗೆ ಅಳು ಬಂದು ನಿಲ್ಲಲಿಲ್ಲ. ಅಪ್ಪನ ಮಣ್ಣಿನ ದಿನ ಬಿಟ್ಟ ಕಣ್ಣು ಬಿಟ್ಟಂತೆ ನಿಂತಿದ್ದ ಹುಡುಗಿ ಆವತ್ತು ಅಂಗಳದಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ವೈನಿ ಅವಳನ್ನು ತಬ್ಬಿಕೊಂಡು ಕೂತರು. ಕೈಯ ಬಣ್ಣ ಮಗಳ ಕೂದಲಿಗೆ ಮೆತ್ತಿತ್ತು. ನಾನು ನೀರು ತರುವ ನೆವದಲ್ಲಿ ಒಳಗೆ ಹೋದೆ.

ಹಳೆಯ ಬೋರ್ಡನ್ನು ಅದರ ಜಾಗಕ್ಕೇ ಹಾಕಿ, ಮೇಲೆ ಹೊಸ ತಗಡು ಏರಿಸಿ ಫೋಟೋ ತೆಗೆದು ಕಳಿಸಿದೆ. ಅರ್ಜಿಗೆ ಏನೂ ತಕರಾರು ಬರಲಿಲ್ಲ, ವೈನಿಯ ಹೆಸರಿನಲ್ಲಿ ಪಾವತಿ ಬಂತು. ಇನ್ನೊಂದು ಕೆಲಸ ಉಳಿದಿತ್ತು. ಅಣ್ಣನ ಹೆಸರಿನ ನೋಂದಣಿಯನ್ನು ಮುಚ್ಚಬೇಕಿತ್ತು. ನಮ್ಮ ಸರ್ ನನ್ನ ಮುಖ ನೋಡಿ, ನೀನು ಬಿಡು, ನಾನು ಮಾಡುತ್ತೇನೆ ಅಂದರು. ಬೇಡ ಸರ್, ನಾನೇ ಮಾಡುತ್ತೇನೆ ಅಂದೆ. ಅವನ ಸಲುವಾಗಿ ಮಾಡಲು ನನಗೆ ಉಳಿದದ್ದು ಅದೊಂದೇ ಅನ್ನಿಸಿತ್ತು. ಮುಚ್ಚಲು ಕಾರಣ ಎಂಬಲ್ಲಿ ‘ಮಾಲಕರ ನಿಧನ’ ಎಂದು ಮರಾಠಿಯಲ್ಲಿ ತುಂಬಿದೆ. ಬೇರೆಯವರ ಅರ್ಜಿಗಳಲ್ಲಿ ಹೀಗೆ ತುಂಬಿ ಮುಂದಿನ ಕಲಮಿಗೆ ಹೋಗಿಬಿಡುತ್ತಿದ್ದೆ. ಅಂದು ಕಳಿಸುವ ಗುಂಡಿ ಒತ್ತಿದವಳೇ ಎದ್ದು ಹೊರಗೆ ಬಂದೆ. ಪಕ್ಕದ ಶೆಡ್ಡಿನಲ್ಲಿ ಟವೆಲ್ ನೇಯುವ ಮಗ್ಗಗಳು ಖಟಖಟ ಓಡುತ್ತಿದ್ದವು. ಅದರ ಗೋಡೆಗೆ ಒರಗಿ ಅತ್ತೆ. ಆ ಸದ್ದಿನಲ್ಲಿ ಯಾರಿಗೂ ಕೇಳುವಂತಿರಲಿಲ್ಲ.

ದೀಪಾವಳಿ ಕಳೆದು ಚಳಿ ಹಿಡಿದಾಗ ಒಮ್ಮೆ ಅಂಗಡಿಗೆ ಹೋಗಿದ್ದೆ. ವೈನಿ ಗಲ್ಲಾದ ಹಿಂದೆ ಕೂತಿದ್ದರು. ಆಗ ಒಬ್ಬ ಮುದುಕ ಬಂದ. ಕುರಿಯವನು, ಹೆಗಲ ಮೇಲೆ ಹರಿದ ಕಂಬಳಿ. ಒಳಗೆ ಇಣುಕಿ ನೋಡಿದ.

“ಮಾಲಕ ಎಲ್ಲಿ ಹೋಗ್ಯಾನವ್ವಾ?”

ಅದುವರೆಗೆ ಕೇಳಿದವರಿಗೆಲ್ಲ ಬೇರೆ ಯಾರಾದರೂ ಉತ್ತರ ಹೇಳುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ವೈನಿಯೇ ಹೇಳಿದರು: “ಅವರು ಇಲ್ರಿ ಕಾಕಾ. ಮಳಿಗಾಲದಾಗ ತೀರಿಕೊಂಡ್ರು. ಈಗ ಅಂಗಡಿ ನಾನ ನೋಡಾಕತ್ತೀನಿ.”

ಮುದುಕ ರುಮಾಲು ತೆಗೆದು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತ. ಕುರಿ ಹೊಡೆದುಕೊಂಡು ದೂರ ಹೋಗಿದ್ದೆವು, ಸುದ್ದಿಯೇ ಮುಟ್ಟಲಿಲ್ಲ ಎಂದ. ಆಮೇಲೆ ಎದ್ದು ಒಂದು ಕಂಬಳಿ ತೋರಿಸೆಂದ. ವೈನಿ ಬಿಚ್ಚಿ ಹಾಸಿದ್ದನ್ನು ಮುಟ್ಟಿ ನೋಡಿ, ಬೆಲೆ ಕೇಳಿ, ಹಣ ಕೊಟ್ಟು ಹೋದ.

ವೈನಿ ಅವನು ಹೋದ ದಾರಿಯನ್ನೇ ನೋಡುತ್ತ ನಿಂತರು.

“ಅವರ ಜೋಡಿ ಒಂದ ಕಂಬಳಿಗಿ ಹೊತ್ತ ಮುಳುಗೂತನಾ ಜಗಳಾಡ್ತಿದ್ದ ಈ ಮುದುಕ,” ಅಂದರು. “ಇವತ್ತ ಹೇಳಿದಷ್ಟ ಕೊಟ್ಟ ಹೋದ.”