ಮಹಡಿ ಮೇಲಿನ ಪರದೇಶ

ಅವಳನ್ನು ಮನೆಯಲ್ಲಿ ಚೆಂಡು ಎಂದು ಕರೆಯುತ್ತಿದ್ದರು. ದುಂಡಗಿದ್ದಳೆಂದಲ್ಲ, ಇದ್ದದ್ದು ಕಡ್ಡಿಯ ಹಾಗೆ. ಎಲ್ಲಿಗೆ ಎಸೆದರೂ ಪುಟಿದು ಮನೆಗೇ ಬಂದು ಬೀಳುತ್ತಾಳೆಂದು ಸೋದರಮಾವ ಇಟ್ಟ ಹೆಸರು. ಪಕ್ಕದ ಊರಿನ ಹಾಸ್ಟೆಲ್ಲಿಗೆ ಸೇರಿಸಿದರೆ ವಾರ ತುಂಬುವುದರೊಳಗೆ ಟ್ರಂಕು ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಕಾಲೇಜಿನ ಪ್ರವಾಸದಿಂದ ಹೊಟ್ಟೆನೋವೆಂದು ಅರ್ಧ ದಾರಿಯಲ್ಲೇ ವಾಪಸ್ಸಾದವಳು, ಹೊಸಿಲು ದಾಟಿದ್ದೇ ತಡ ಎರಡು ತಟ್ಟೆ ಊಟ ಮಾಡಿದ್ದಳು.

ಇಂಥವಳಿಗೆ ಪರದೇಶದಲ್ಲಿ ಓದಲು ಸೀಟು ಸಿಕ್ಕಿತು. ಕುಡಿಯುವ ನೀರನ್ನು ಶುದ್ಧಮಾಡುವ ವಿದ್ಯೆ, ಎರಡು ವರ್ಷ. ಊರಿನ ನೀರು ಸರಬರಾಜು ಕಚೇರಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾ ಯಾರಿಗೂ ಹೇಳದೆ ಅರ್ಜಿ ಹಾಕಿದ್ದಳು. “ನೀರು ಸೋಸೋಕೆ ಸಮುದ್ರ ದಾಟಬೇಕಾ?” ಎಂದು ಮಾವ ನಕ್ಕ. ಅವಳೂ ನಕ್ಕಳು, ಆದರೆ ಒಳಗೊಳಗೇ ಪುಕುಪುಕು. ಆ ಓದು ಅವಳಿಗೆ ಬೇಕೇ ಬೇಕಿತ್ತು. ಈ ಸಲವೂ ಓಡಿ ಬಂದರೆ ಇನ್ನು ತನ್ನ ಮೇಲೆ ತನಗೇ ನಂಬಿಕೆ ಉಳಿಯುವುದಿಲ್ಲವೆಂಬ ದಿಗಿಲು ಅವಳದು.

ಉಪಾಯ ಹೂಡಿದವಳು ಅಮ್ಮ. ಅಮ್ಮ ಟೈಲರ್. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಹಾಕಿಕೊಂಡು ಮಗಳನ್ನು ಬೆಳೆಸಿದವಳು. ಟ್ರಯಲ್ ನೋಡದೆ ಒಂದು ಬಟ್ಟೆಯನ್ನೂ ಗಿರಾಕಿಯ ಕೈಗೆ ಕೊಟ್ಟವಳಲ್ಲ.

“ಕಚ್ಚಾ ಹೊಲಿಗೆ ಹಾಕಿ, ತೊಡಿಸಿ ನೋಡಿದ ಮೇಲೆ ತಾನೇ ಪಕ್ಕಾ ಹೊಲಿಗೆ? ಇದೂ ಅಷ್ಟೆ. ಮಹಡಿ ಮೇಲಿನ ಕೋಣೆ ಇವತ್ತಿಂದ ಪರದೇಶ. ವಿಮಾನ ಹತ್ತೋವರೆಗೂ ಅಲ್ಲೇ ಇರು. ನಿನ್ನ ಅಡುಗೆ, ನಿನ್ನ ಬಟ್ಟೆ, ಜ್ವರ ಬಂದ್ರೆ ಜ್ವರಾನೂ ನಿಂದೇ. ಹೊರಗಿನ ಮೆಟ್ಟಿಲಲ್ಲಿ ಓಡಾಡು. ನನ್ನ ಹತ್ರ ಬಂದೆ ಅಂದ್ರೆ ಸೀಟು ಬಿಟ್ಟೆ ಅಂತ ಅರ್ಥ, ಗೊತ್ತಾಯ್ತಾ?”

ಮೇಲಿನ ಪರದೇಶದಲ್ಲಿ ಮೊದಲ ದಿನ ಅನ್ನ ಸೀದಿತು. ಮರುದಿನ ಬಿಳಿ ಅಂಗಿಗೆ ನೀಲಿ ಪ್ಯಾಂಟಿನ ಬಣ್ಣ ಹತ್ತಿತು. ಕನ್ನಡಿಯ ಮುಂದೆ ನಿಂತು “ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ” ಎಂಬುದನ್ನು ಆ ನಾಡಿನ ಭಾಷೆಯಲ್ಲಿ ನಾಲಿಗೆ ತಿರುಗುವವರೆಗೂ ಹೇಳಿಕೊಂಡಳು. ಸೂಟ್‌ಕೇಸ್ ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ತನ್ನ ತೂಕ ಕಳೆದು, ಉಣ್ಣೆಯ ಬಟ್ಟೆ ತೆಗೆದು, ಮತ್ತೆ ತುರುಕಿದಳು. ಆದರೆ ಅಳು ಬರಲಿಲ್ಲ. ಹಾಸಿಗೆಗೆ ಬಿದ್ದರೆ ಗಡದ್ದು ನಿದ್ದೆ. “ಏನೇ, ಚೆಂಡಿನ ಗಾಳಿ ಹೋಯ್ತಾ? ಪುಟೀತಾನೇ ಇಲ್ಲ!” ಎಂದು ಮಾವ ಬೀದಿಯಿಂದಲೇ ಕೂಗಿದಾಗ ಅವಳಿಗೆ ಕೊಂಬು ಬಂದಂತಾಯಿತು.

ಭಾನುವಾರ ಬಂತು. ಅಮ್ಮನ ಮಿಷನ್‌ಗೆ ರಜಾ ದಿನ. ಆದರೂ ಮಧ್ಯಾಹ್ನ ಅವಳು ಪುಸ್ತಕ ಹಿಡಿದು ಒರಗಿದಾಗ ಕೆಳಗಿನಿಂದ ಮಿಷನ್ ಸದ್ದು ಬಂತು. ಯಾರದೋ ಅವಸರದ ಕೆಲಸವಿರಬೇಕು ಎಂದುಕೊಂಡಳು. ಕೇಳುತ್ತಾ ಕೇಳುತ್ತಾ ಎದ್ದು ಕುಳಿತಳು.

ಬಟ್ಟೆಯ ಮೇಲೆ ಓಡುವ ಮಿಷನ್‌ಗೆ ಒಂದು ದನಿ, ಬರಿದೇ ಓಡುವುದಕ್ಕೆ ಇನ್ನೊಂದು. ಬರಿದೇ ಓಡಿದರೆ ಹಲ್ಲು ಕಡಿದಂತೆ ಕಟಕಟ ಎನ್ನುತ್ತದೆ. ಮಿಷನ್ ಕೆಳಗೇ ಆಡಿ ಬೆಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಈ ಸದ್ದು ಹೊಲಿಗೆ ಮುಗಿದಂತೆ ಎಲ್ಲೂ ನಿಲ್ಲುವುದಿಲ್ಲ, ಕತ್ತರಿಯ ಸದ್ದಿಲ್ಲ. ಅಮ್ಮ ಬರಿ ಮಿಷನ್ ತುಳಿಯುತ್ತಿದ್ದಾಳೆ. ಹಾಗೆ ಯಾರಾದರೂ ತುಳಿದರೆ, ಮಿಷನ್ ಸವೆಯುತ್ತದೆಂದು ಮೈಮೇಲೆ ಬೀಳುತ್ತಿದ್ದ ಅಮ್ಮ!

ಆಗ ಅವಳಿಗೆ ಗಡದ್ದು ನಿದ್ದೆಯ ಗುಟ್ಟೂ ತಿಳಿಯಿತು. ವಾರವಿಡೀ, ರಾತ್ರಿ ನಿದ್ದೆ ಹತ್ತುವವರೆಗೂ, ಕೆಳಗಿನ ಮಿಷನ್ ಸದ್ದು ಅವಳ ಬೆನ್ನು ತಟ್ಟುತ್ತಿತ್ತು. ಅವಳು ಪರದೇಶಕ್ಕೆ ಹೋಗಿಯೇ ಇರಲಿಲ್ಲ, ಅಮ್ಮನ ಮಡಿಲಲ್ಲೇ ಇದ್ದಳು. ಅವಮಾನವಾಯಿತು, ಪ್ರೀತಿಯೂ ಉಕ್ಕಿತು.

ಸುಮ್ಮನಿದ್ದರೆ ಎಲ್ಲರ ಎದುರು ಪಾಸು; ಆ ಸದ್ದಿಲ್ಲದ ಅಲ್ಲಿಯ ಮೊದಲ ರಾತ್ರಿಯೇ ಬಣ್ಣ ಬಯಲು. ಇಳಿದು ಹೋದರೆ ಸೀಟು ಬಿಟ್ಟಂತೆ. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪ. ಕೊನೆಗೆ ಇಳಿದಳು.

ಅವಳನ್ನು ಕಂಡದ್ದೇ ಅಮ್ಮನ ಕಾಲು ನಿಂತಿತು. ಮಿಷನ್ ಮೇಲೆ ಒಂದು ಚಿಂದಿಯೂ ಇರಲಿಲ್ಲ. “ಬಂದೇ ಬಿಟ್ಯಲ್ಲೇ!” ಎಂದಳು. ಆ ದನಿಯಲ್ಲಿ ಸಿಟ್ಟಿಗಿಂತ ಸಂತೋಷವೇ ಹೆಚ್ಚಿತ್ತು. ಅದು ತನ್ನ ಕಿವಿಗೇ ಬಿದ್ದು ಅಮ್ಮನ ಮುಖ ಸಣ್ಣಗಾಯಿತು.

“ಮಿಷನ್ ನಿಲ್ಲಿಸಮ್ಮ. ಈ ಸದ್ದಿದ್ರೆ ನಾನು ಎಲ್ಲಿಗೂ ಹೋದ ಹಾಗಲ್ಲ.”

“ನಿನಗೆ ಬೇಜಾರಾಗದೇ ಇರ್ಲಿ ಅಂತ...” ಎಂದ ಅಮ್ಮ ಅಲ್ಲಿಗೇ ತಡೆದಳು. “ಸುಳ್ಳು ಯಾಕೆ ಹೇಳ್ಲಿ. ತಲೆ ಮೇಲೇ ಇದ್ದೀಯ ಅಂತ ಗೊತ್ತಿದ್ರೂ ಮನೆ ಬಿಕೋ ಅಂತಿತ್ತು ಕಣೆ. ಕೂತಲ್ಲಿ ಕೂರೋಕಾಗ್ಲಿಲ್ಲ.”

ಅಮ್ಮ ಎದ್ದು ಮಿಷನ್‌ಗೆ ಮುಸುಕು ಹಾಕಿದಳು. “ತಪ್ಪು ನಂದು. ಟ್ರಯಲ್ ನೋಡುವಾಗ ಟೈಲರೇ ಬಟ್ಟೆ ಎತ್ತಿ ಹಿಡ್ಕೊಂಡ್ರೆ ಮೈಗೆ ಕೂತಿದ್ಯೋ ಇಲ್ವೋ ಹೇಗೆ ತಿಳಿಯುತ್ತೆ? ನಾನು ತಮ್ಮನ ಮನೆಗೆ ಹೋಗಿರ್ತೀನಿ. ನೀನು ಹೊರಡೋ ಹಿಂದಿನ ದಿನ ಬರ್ತೀನಿ. ಈಗ ಇಡೀ ಮನೇನೇ ಪರದೇಶ ಅಂದ್ಕೋ.”

ಒಪ್ಪಿಕೊಂಡ ಕೆಲಸವನ್ನೆಲ್ಲ ಗಂಟು ಕಟ್ಟಿ, ಬೀಗದ ಕೈಯನ್ನು ಮಗಳ ಅಂಗೈಯಲ್ಲಿಟ್ಟು ಹೊರಟೇಬಿಟ್ಟಳು. ಬೀದಿಯುದ್ದಕ್ಕೂ ತಿರುಗಿ ನೋಡಲಿಲ್ಲ. ತಿರುವಿನಲ್ಲಿ ನಿಂತು, ಗಂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು, ಮರೆಯಾದಳು.

ಮಗಳು ಒಳಗೆ ಬಂದಳು. ಇಷ್ಟು ದಿನ ತಾನು ಅಲ್ಲಿ ಹೇಗಿರುವೆನೆಂಬ ಯೋಚನೆಯೊಂದೇ ಅವಳ ತಲೆ ತುಂಬ. ಇಲ್ಲಿ ಉಳಿಯುವವರಿಗೆ ಮನೆ ಹೇಗಿರುತ್ತದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಈಗ ಅಂಥ ಮನೆಯ ನಡುವೆ ನಿಂತು ಬಾಯಿಬಿಟ್ಟು ಅತ್ತಳು, ಕೇಳುವವರು ಯಾರೂ ಇರಲಿಲ್ಲ. ಅತ್ತು ಮುಗಿದ ಮೇಲೆ ಮುಖ ತೊಳೆದು ಮಾವನಿಗೆ ಫೋನು ಮಾಡಿದಳು.

“ಮಾವ, ಅಮ್ಮ ಬರ್ತಿದ್ದಾಳೆ. ಯಾಕೆ, ಏನು ಅಂತ ಕೇಳಬೇಡ. ಮೊದಲು ಊಟಕ್ಕೆ ಹಾಕು.”

“ಅಲ್ಲೇ, ನೀನೊಬ್ಬಳೇ ಅಲ್ಲಿ ಏನು ಮಾಡ್ತೀಯ? ನೀನೂ ಬಂದ್ಬಿಡು.”

“ಇಲ್ಲ ಮಾವ, ನಾನು ಇಲ್ಲೇ ಇರ್ತೀನಿ, ಹೋಗೋದೂ ಹೋಗ್ತೀನಿ. ನಾನು ಹೋದ ಮೇಲೆ ಭಾನುವಾರ ಮಾತ್ರ ಅಮ್ಮನ್ನ ಒಬ್ಬಳನ್ನೇ ಬಿಡಬೇಡ,” ಎಂದಳು.