ಅಕ್ಕನ ಹಸಿರು ಟಿಕ್

ನಮ್ಮಕ್ಕ ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಓದುವಾಗಲೂ ಅಷ್ಟೆ. ಪುಸ್ತಕ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಬೀದಿಬಾಗಿಲಿಗೆ, ಬೀದಿಬಾಗಿಲಿಂದ ಅಡುಗೆಮನೆಗೆ ಓಡಾಡುತ್ತ ತೆರಿಗೆ ಕಾನೂನನ್ನು ಬಾಯಿಪಾಠ ಮಾಡುತ್ತಾಳೆ. ಬಲವಂತವಾಗಿ ಕುರ್ಚಿಯಲ್ಲಿ ಕೂರಿಸಿದರೆ ಮೊಣಕಾಲು ಕುಣಿಯಲು ಶುರುವಾಗುತ್ತದೆ. ನಾನು ಅವಳ ತಂಗಿ, ಅದೇ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. "ಆ ಕಾಲನ್ನ ಸ್ವಲ್ಪ ನನ್ನ ಮಷೀನಿನ ಪೆಡಲ್ ಮೇಲೆ ಇಡಕ್ಕ, ಪುಣ್ಯ ಬರುತ್ತೆ, ನಾಲ್ಕು ಅಂಗಿ ಮುಗಿದುಹೋಗ್ತವೆ" ಎಂದು ಎಷ್ಟು ಸಲ ಅಂದಿದ್ದೇನೋ. ಅವಳಿಗೆ ನಗು ಬರುತ್ತಿರಲಿಲ್ಲ, ಕಾಲೂ ನಿಲ್ಲುತ್ತಿರಲಿಲ್ಲ.

ಔಷಧಿ ಅಂಗಡಿಯ ಮಹಡಿಯ ಮೇಲೆ ಒಬ್ಬ ವಯಸ್ಸಾದ ಆಡಿಟರ್ ಇದ್ದರು. ಅಕ್ಕ ಅವರ ಹತ್ತಿರ ಕೆಲಸ ಕಲಿಯಲು ಸೇರಿದವಳು ಕಲಿಕೆಯ ಅವಧಿ ಮುಗಿದ ಮೇಲೂ ಅಲ್ಲೇ ಉಳಿದುಬಿಟ್ಟಳು. ಮೊದಮೊದಲಿನ ಪರೀಕ್ಷೆಗಳನ್ನೆಲ್ಲ ನೀರು ಕುಡಿದಷ್ಟು ಸಲೀಸಾಗಿ ಪಾಸು ಮಾಡಿದ್ದಳು. ಕೊನೆಯದು ಮಾತ್ರ ಕೈಗೆ ಬಂದದ್ದು ಬಾಯಿಗೆ ಬಾರದಂತೆ ಪ್ರತಿ ಸಲ ಸ್ವಲ್ಪದರಲ್ಲೇ ತಪ್ಪಿಹೋಗುತ್ತಿತ್ತು. ಬೀದಿಯವರೆಲ್ಲ ಅವಳನ್ನು 'ಆಡಿಟರಮ್ಮ' ಎಂದೇ ಕರೆಯುತ್ತಿದ್ದರು. ಪಾಸಾಗದೆ ಸಹಿ ಹಾಕುವ ಅಧಿಕಾರವಿಲ್ಲ, ಸಹಿಯಿಲ್ಲದ ಆಡಿಟರಮ್ಮ ಎಂದರೆ ಬರೀ ಹೆಸರು. ಅದು ಗೊತ್ತಿದ್ದೂ ಫಲಿತಾಂಶ ಬಂದಾಗಲೆಲ್ಲ ಔಷಧಿ ಅಂಗಡಿಯವರು ಮೆಟ್ಟಿಲ ಬುಡದಲ್ಲೇ ನಿಂತು, "ಈ ಸಲ ಆಯ್ತಾ, ಆಡಿಟರಮ್ಮ?" ಎಂದು ಕೇಳುತ್ತಿದ್ದರು. ಆ 'ಈ ಸಲ' ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಲೆಕ್ಕ ಬರೆದವರ ಶಾಯಿ ನೀಲಿ, ಲೆಕ್ಕ ನೋಡುವವರ ಶಾಯಿ ಹಸಿರು. ಒಂದೊಂದು ಅಂಕಿಯನ್ನೂ ಅದರ ರಸೀದಿಯೊಂದಿಗೆ ತಾಳೆ ನೋಡಿ ಪಕ್ಕದಲ್ಲಿ ಹಸಿರು ಟಿಕ್ ಹಾಕಬೇಕು. ಮೊದಲ ದಿನವೇ ಮುದುಕರು ಹೇಳಿಕೊಟ್ಟಿದ್ದರಂತೆ: "ಕಣ್ಣಾರೆ ನೋಡದೆ ಟಿಕ್ ಹಾಕಬೇಡ. ತಾಳೆ ಆಗದೇ ಇದ್ದದ್ದಕ್ಕೆ ಯಾರು ಹೇಳಿದ್ರೂ ಹಾಕಬೇಡ." ಅಕ್ಕ ಅದನ್ನು ಎಷ್ಟು ನಿಷ್ಠೆಯಿಂದ ಕಲಿತಳೆಂದರೆ ಮನೆಯೇ ಹಸಿರಾಯಿತು. ಕರೆಂಟ್ ಬಿಲ್ಲಿಗೆ ಟಿಕ್, ಅಂಗಡಿ ಚೀಟಿಗೆ ಟಿಕ್, ಪೇಪರಿನ ಹವಾಮಾನ ವರದಿಗೂ ಕಿಟಕಿಯಿಂದ ಆಕಾಶ ನೋಡಿ ಟಿಕ್. "ನನ್ನ ಹಣೆಗೂ ಒಂದು ಹಾಕಿಬಿಡು, ಹೆತ್ತವಳು ಇವಳೇ ಅಂತ" ಎಂದು ಅಮ್ಮ ರೇಗುತ್ತಿದ್ದಳು. ಒಮ್ಮೆ ಅಕ್ಕ ನನ್ನ ಅಳತೆ ಪುಸ್ತಕಕ್ಕೂ ಕೈ ಹಾಕಿದಳು. ಎಲ್ಲದಕ್ಕೂ ಟಿಕ್ ಹಾಕಿ ಒಂದನ್ನು ಬಿಟ್ಟಿದ್ದಳು.

"ಇದು ತಪ್ಪು ಕಣೆ. ಎದೆಗಿಂತ ಸೊಂಟ ಇಷ್ಟು ಜಾಸ್ತಿ ಹೇಗಾಗುತ್ತೆ?"

"ಅದು ಔಷಧಿ ಅಂಗಡಿಯವರ ಅಳತೆ. ಅನುಮಾನ ಇದ್ರೆ ಟೇಪ್ ತಗೊಂಡು ನೀನೇ ಹೋಗಿ ನೋಡು."

ಅವಳು ಹೋಗಲಿಲ್ಲ. ಆದರೆ ಟಿಕ್ಕನ್ನೂ ಹಾಕಲಿಲ್ಲ. ಮಾರನೆಯ ದಿನ ಮೆಟ್ಟಿಲು ಹತ್ತುವಾಗ ಅವರನ್ನು ಕಣ್ಣಾರೆ ನೋಡಿಕೊಂಡು ಬಂದ ಮೇಲೇ ಹಾಕಿದ್ದು. ಆ ಪೆನ್ನು ಸದಾ ಕೈಗೆ ಸಿಗಲಿ ಎಂದು ಅವಳ ಪ್ರತಿ ಉಡುಪಿಗೂ ಸೊಂಟದ ಹತ್ತಿರ ಒಂದು ಸಣ್ಣ ಜೇಬು ಹೊಲಿದುಕೊಡುತ್ತಿದ್ದವಳು ನಾನೇ.

ಹೀಗಿರುವಾಗ ಮುದುಕರ ಕಣ್ಣು ಮಂಜಾಗತೊಡಗಿತು. ಒಂದು ಸಂಜೆ ಅಕ್ಕನನ್ನು ಕೂರಿಸಿಕೊಂಡು ಹೇಳಿದರು: "ನನಗೆ ಕಾಯೋಕೆ ಇಷ್ಟ ಇದೆ, ನನ್ನ ಕಣ್ಣಿಗಿಲ್ಲ ಕಣಮ್ಮ. ಈ ಪರೀಕ್ಷೆ ಪಾಸಾದ್ರೆ ಬೋರ್ಡಿಗೆ ನಿನ್ನ ಹೆಸರು ಬರೆಸ್ತೀನಿ. ಇಲ್ಲಾಂದ್ರೆ ಕಕ್ಷಿದಾರರನ್ನೆಲ್ಲ ಒಂದು ದೊಡ್ಡ ಆಡಿಟ್ ಕಂಪನಿಗೆ ವಹಿಸಿ ಬಾಗಿಲು ಹಾಕ್ತೀನಿ. ಅವರ ಹತ್ರ ಅವರದೇ ಜನ ಇದ್ದಾರೆ." ಅಂದರೆ ಅಕ್ಕನಿಗೆ ಅಲ್ಲಿ ಜಾಗವಿಲ್ಲ. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ನಡುಮನೆಯಲ್ಲಿ ನಿಂತು ಸಾರಿದಳು: "ಇದೇ ಕೊನೆ. ಆದ್ರೆ ಆಯ್ತು, ಇಲ್ಲದಿದ್ರೆ ಪುಸ್ತಕ ಎಲ್ಲಾ ರದ್ದಿಗೆ."

ಆಮೇಲಿನ ದಿನಗಳನ್ನು ನೆನೆದರೆ ನನಗೆ ಈಗಲೂ ತಲೆ ಚಿಟ್ಟು ಹಿಡಿಯುತ್ತದೆ. ಅವಳ ಓಡಾಟಕ್ಕೆ ಅಮ್ಮ ಎರಡು ಸಲ ಎಡವಿದಳು. ಒಲೆಯ ಮೇಲೆ ಹಾಲಿಟ್ಟು ಕಂಪನಿ ಕಾನೂನು ಒಪ್ಪಿಸುತ್ತ ಹೋದರೆ ಹಾಲು ಉಕ್ಕಿ ಒಲೆ ಆರುತ್ತಿತ್ತು. ತಟ್ಟೆಯ ಮುಂದೆ ಕೂತರೂ ತುತ್ತು ಬಾಯಿಗೆ, ಕಣ್ಣು ಗೋಡೆಗೆ ಅಂಟಿಸಿದ ಸೂತ್ರಕ್ಕೆ. ನಾನು ಬಟ್ಟೆ ಕತ್ತರಿಸುವಾಗ ಎದುರು ನಿಂತು, "ಯಂತ್ರಕ್ಕೆ ಸವಕಳಿ ಹಿಡಿಯೋದು ಯಾಕೆ, ಕೇಳು" ಎನ್ನುತ್ತಿದ್ದಳು. ಸವಕಳಿ ಎಂದರೆ ಯಂತ್ರ ಹಳತಾದಂತೆ ಅದರ ಬೆಲೆಯಲ್ಲಿ ವರ್ಷವರ್ಷ ಕಳೆಯುವುದು. ಕೇಳಿ ಕೇಳಿ ನನ್ನ ಹೊಲಿಗೆ ಮಷೀನಿನ ಸವಕಳಿ ನನಗೇ ಬಾಯಿಗೆ ಬಂದಿತ್ತು. ನಮ್ಮ ಸವಕಳಿಯನ್ನು ಕೇಳುವವರಿರಲಿಲ್ಲ.

ಪರೀಕ್ಷೆ ಶುರುವಾಯಿತು. ಲೆಕ್ಕಶಾಸ್ತ್ರದ ಪತ್ರಿಕೆಯ ದಿನ ನಾನು ಗೇಟಿನ ಹೊರಗೆ ಕಾಯುತ್ತಿದ್ದೆ. ಅಕ್ಕ ಹೊರಬಂದಳು. ಮುಖದಲ್ಲಿ ತಕ್ಕಮಟ್ಟಿಗೆ ಸಮಾಧಾನವಿತ್ತು. "ಕೊನೇದೊಂದು ಬಿಟ್ರೆ ಎಲ್ಲಾ ಬಂತು ಕಣೆ" ಎನ್ನುತ್ತ ಕೂದಲು ಸರಿಮಾಡಿಕೊಳ್ಳಲು ಕೈಯೆತ್ತಿದವಳು ಹಾಗೇ ನಿಂತಳು. ತೋರುಬೆರಳು, ಹೆಬ್ಬೆರಳು ಎರಡೂ ಹಸಿರಾಗಿದ್ದವು.

"ಅಯ್ಯೋ" ಎಂದಳು, ಅಷ್ಟೆ.

ಬರೆದದ್ದು ನೀಲಿಯಲ್ಲೇ. ಆದರೆ ಒಂದೊಂದು ಮೊತ್ತವನ್ನೂ ಕೂಡಿ ಪರೀಕ್ಷಿಸುವಾಗ ಅವಳಿಗೇ ಅರಿವಿಲ್ಲದೆ ಕೈ ಸೊಂಟದ ಜೇಬಿಗೆ ಹೋಗಿತ್ತು. ಉತ್ತರಪತ್ರಿಕೆಯ ಉದ್ದಕ್ಕೂ ಹಸಿರು ಟಿಕ್ ಹಾಕಿಬಂದಿದ್ದಳು. ಪ್ರವೇಶಪತ್ರದ ಹಿಂದೆ ಸ್ಪಷ್ಟವಾಗಿ ಅಚ್ಚಾಗಿತ್ತು: ನೀಲಿ ಅಥವಾ ಕಪ್ಪು ಶಾಯಿ ಮಾತ್ರ, ಬೇರೆ ಬಣ್ಣದ ಗುರುತಿದ್ದರೆ ಪರೀಕ್ಷಕರಿಗೆ ಮಾಡಿದ ಸನ್ನೆ ಎಂದು ಭಾವಿಸಿ ಫಲಿತಾಂಶ ತಡೆಹಿಡಿಯಲಾಗುವುದು. ನನಗೆ ಹೊಟ್ಟೆ ಉರಿದದ್ದು ಅದಕ್ಕಲ್ಲ. ಆ ನಿಯಮವನ್ನು ಅವಳು ಓದಿದ್ದಳು. ಓದಿ, ಪಕ್ಕದಲ್ಲಿ ಹಸಿರು ಟಿಕ್ ಹಾಕಿದ್ದಳು!

ಮನೆಯಲ್ಲಿ ಅಮ್ಮನ ಸಿಟ್ಟು ನನ್ನ ಕಡೆ ತಿರುಗಿತು. "ಜೇಬು ಹೊಲಿದವಳು ನೀನು ತಾನೆ!" ಎಂದಳು. ಮುದುಕರಂತೂ ಕೇಳಿ ಹಣೆ ಚಚ್ಚಿಕೊಂಡರು. "ತನ್ನ ಲೆಕ್ಕಕ್ಕೆ ತಾನೇ ಟಿಕ್ ಹಾಕ್ಕೊಳ್ಳೋ ಆಡಿಟರು ಎಲ್ಲಾದ್ರೂ ಇದ್ದಾನೇನಮ್ಮ? ಅದನ್ನ ಬೇರೆಯವರು ನೋಡಬೇಕು, ಬೇರೆಯವರು ಹಾಕಬೇಕು. ಇಷ್ಟು ವರ್ಷ ನಾನು ಹೇಳಿಕೊಟ್ಟಿದ್ದು ಇದೇನಾ?" ಸ್ವಲ್ಪ ಹೊತ್ತಿನ ನಂತರ ಅವರೇ ಮೆತ್ತಗಾದರು. "ಹೋಗ್ಲಿ ಬಿಡು. ಅವರಾಗಿ ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳು."

ಉಳಿದ ಪತ್ರಿಕೆಗಳನ್ನು ಜೇಬಿಲ್ಲದ ಉಡುಪಿನಲ್ಲಿ ಬರೆದಳು. ಆಮೇಲೆ ಕಾಯುವ ಕಾಲ. ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಓಡುವಳು, ಕೇಳದಿದ್ದರೆ ಬೀದಿಗೆ ಬಂದು ಇಣುಕುವಳು. ಕಪಾಟು ಒರೆಸಿದ್ದನ್ನೇ ಒರೆಸುವಳು. ನನ್ನ ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿದಳು, ಹಸಿರನ್ನು ಮಾತ್ರ ಡಬ್ಬಿಯ ತಳಕ್ಕೆ ಹಾಕಿದಳು. ನನಗೆ ಸಿಟ್ಟು ಬರುತ್ತಿತ್ತು, ಸಿಟ್ಟಿನ ಹಿಂದೆಯೇ ಅಳು ಬರುತ್ತಿತ್ತು. ಇಷ್ಟು ವರ್ಷ ತೇಯ್ದ ಜೀವ ಒಂದು ಪೆನ್ನಿನಿಂದ ಮಣ್ಣುಪಾಲಾಗುವುದೆಂದರೆ ಏನು?

ಕೊನೆಗೆ ನೋಟಿಸು ಬಂತು. ಶಿಸ್ತು ಸಮಿತಿಯ ಮುಂದೆ ಹಾಜರಾಗಿ ವಿವರಣೆ ಕೊಡಬೇಕು. ನಾನೂ ಜೊತೆಗೆ ಹೋದೆ. ಉದ್ದನೆಯ ಓಣಿಯಲ್ಲಿ ಬೆಂಚು, ಮುಚ್ಚಿದ ಬಾಗಿಲು. ಅಕ್ಕ ಒಳಗೆ ಹೋದ ಮೇಲೆ ಓಣಿಯಲ್ಲಿ ಅತ್ತಿಂದಿತ್ತ ತಿರುಗಿದವಳು ನಾನು. ಅಕ್ಕತಂಗಿಯರಲ್ಲವೇ, ಆ ರೋಗ ನನಗೂ ಅಂಟಿತ್ತು.

ಒಳಗೆ ನಡೆದದ್ದನ್ನು ಬಸ್ಸಿನಲ್ಲಿ ಹೇಳಿದಳು. ಅಕ್ಕ ಹೇಳಿದಳೆಂದರೆ ಅನುಮಾನ ಬೇಡ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಮೇಜಿನ ಆಚೆ ಇಬ್ಬರು ಗಂಡಸರು, ಒಬ್ಬ ಹೆಂಗಸು, ಮೂವರೂ ಆಡಿಟರುಗಳೇ. ಮಧ್ಯದಲ್ಲಿದ್ದ ಅಧ್ಯಕ್ಷರು ಅವಳ ಉತ್ತರಪತ್ರಿಕೆಯನ್ನು ಮುಂದಕ್ಕೆ ತಳ್ಳಿದರಂತೆ.

"ಇದು ಯಾರಿಗೆ ಮಾಡಿದ ಸನ್ನೆ?"

"ಯಾರಿಗೂ ಅಲ್ಲ ಸರ್. ಅಭ್ಯಾಸ."

"ಸಿಕ್ಕಿಬಿದ್ದವರೆಲ್ಲ ಅಭ್ಯಾಸ ಅಂತಾನೇ ಹೇಳೋದು."

ಆಗ ಆ ಹೆಂಗಸು ಪತ್ರಿಕೆಯನ್ನು ತಮ್ಮ ಕಡೆ ಎಳೆದುಕೊಂಡು ಒಂದೊಂದೇ ಹಾಳೆ ತಿರುಗಿಸಿದರಂತೆ. ಕೊನೆಯ ಉತ್ತರದ ಹತ್ತಿರ ಬೆರಳಿಟ್ಟು ಕೇಳಿದರಂತೆ:

"ಎಲ್ಲದಕ್ಕೂ ಹಾಕಿದೀರಿ. ಇದೊಂದಕ್ಕೆ ಮಾತ್ರ ಯಾಕಿಲ್ಲ?"

ಅದು ಆಸ್ತಿ ಒಂದು ಕಡೆ, ಹೊಣೆ ಇನ್ನೊಂದು ಕಡೆ ಬರೆಯುವ ಪಟ್ಟಿ. ಕೆಳಗಿನ ಎರಡು ಮೊತ್ತ ಒಂದೇ ಆಗಬೇಕು. ಆಗಿರಲಿಲ್ಲ.

"ತಾಳೆ ಆಗ್ಲಿಲ್ಲ ಮೇಡಂ. ಹುಡುಕೋ ಹೊತ್ತಿಗೆ ಗಂಟೆ ಹೊಡೀತು."

"ಇಂಥ ಕಡೆ ಎಲ್ಲರೂ ಏನೋ ಒಂದು ಅಂಕಿ ತುರುಕಿ ಸರಿ ಮಾಡಿಬಿಡ್ತಾರೆ. ನಿಮಗೆ ಗೊತ್ತಿಲ್ವಾ?"

"ಗೊತ್ತು ಮೇಡಂ."

"ಮತ್ತೆ?"

"ತುರುಕಿದ್ರೆ ಅದಕ್ಕೂ ಟಿಕ್ ಹಾಕಬೇಕಾಗ್ತಿತ್ತು."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ, "ಸರಿ, ಹೊರಡಿ. ತಿಳಿಸ್ತೀವಿ" ಎಂದರಂತೆ.

"ಅಷ್ಟೇನಾ? ಒಳ್ಳೇ ಮುಖ ಮಾಡಿ ಹೇಳಿದ್ರಾ, ಕೆಟ್ಟ ಮುಖ ಮಾಡಿ ಹೇಳಿದ್ರಾ?" ಎಂದೆ. ಕಿಟಕಿಯ ಹೊರಗೆ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಸೀಟಿನಿಂದ ಎದ್ದಳು.

"ಸವಕಳಿ! ಆಸ್ತಿಯಲ್ಲಿ ಸವಕಳಿನ ಎರಡು ಸಲ ಕಳೆದಿದ್ದೆ ಕಣೆ!"

ಬಸ್ಸಿಗೆ ಬಸ್ಸೇ ನಮ್ಮ ಕಡೆ ತಿರುಗಿತು. ಕಂಡಕ್ಟರು, "ಯಾರದ್ದಮ್ಮ ಕಳೆದಿದ್ದು? ಏನು ಕಳೀತು?" ಎಂದು ಹತ್ತಿರ ಬಂದರು. ನಾನು ಅವಳನ್ನು ಎಳೆದು ಕೂರಿಸಿದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಫಲಿತಾಂಶ ಬಂದ ಬೆಳಿಗ್ಗೆ ಅಕ್ಕ ಫೋನ್ ಮುಟ್ಟಲಿಲ್ಲ. ಅವಳ ಪರೀಕ್ಷೆಯ ನೋಂದಣಿ ಸಂಖ್ಯೆ ಒತ್ತಿ ನೋಡಿದವಳು ನಾನು. ಮೊದಲು ಕಂಡದ್ದು 'ಎಚ್ಚರಿಕೆ ನೀಡಿ ಬಿಡಲಾಗಿದೆ' ಎಂಬ ಸಾಲು, ಅದರ ಕೆಳಗೆ ಅಂಕಗಳು, ಎಲ್ಲಕ್ಕಿಂತ ಕೆಳಗೆ 'ಉತ್ತೀರ್ಣ'. ನಾನು ಕಿರುಚಿದೆ. ಅಮ್ಮ ಕಿರುಚಿದಳು. ಔಷಧಿ ಅಂಗಡಿಯವರು ಅರ್ಧ ಹೊಲಿದ ಅಂಗಿಯ ಅಳತೆ ನೋಡಲು ಬಂದಿದ್ದವರು ಅದೇ ಅಂಗಿಯಲ್ಲಿ ಬೀದಿಗೆ ಓಡಿ, "ಈ ಸಲ ಆಯ್ತು!" ಎಂದು ಕೂಗಿದರು. ಆ ಮಾತು ಅಷ್ಟು ಸಿಹಿಯಾಗಿ ಕೇಳುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅಕ್ಕ ಮಾತ್ರ ನಂಬಲಿಲ್ಲ. "ಪ್ರಿಂಟ್ ತೆಗೆಸಿಕೊಂಡು ಬಾ" ಎಂದಳು. ತಂದುಕೊಟ್ಟೆ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾಳೆ ಹರಡಿ ಕುರ್ಚಿ ಎಳೆದುಕೊಂಡು ಕೂತಳು. ಹಸಿರು ಪೆನ್ನು ಹೊರಬಂತು. ಲೆಕ್ಕಶಾಸ್ತ್ರದಲ್ಲಿ ತಾಳೆಯಾಗದ ಆ ಒಂದು ಉತ್ತರಕ್ಕೆ ಅಂಕ ಹೋಗಿ ಕೂದಲೆಳೆಯಲ್ಲಿ ದಾಟಿದ್ದಳು. ಮೇಲಿಂದ ಕೆಳಕ್ಕೆ ಕೂಡಿದಳು, ಕೆಳಗಿಂದ ಮೇಲಕ್ಕೆ ಕೂಡಿದಳು. ಪೆನ್ನಿನ ಮೊನೆ ಮೊತ್ತದ ಪಕ್ಕಕ್ಕೆ ಬಂದು ಅಲ್ಲೇ ನಿಂತಿತು. ಮೇಜಿನ ಕೆಳಗೆ ಅವಳ ಕಾಲು ಕುಣಿದು ಕುಣಿದು ನನ್ನ ಕತ್ತರಿ ಗಡಗಡ ಅದುರುತ್ತಿತ್ತು.

"ಹಾಕಕ್ಕ, ಸರಿಯಾಗಿದೆಯಲ್ಲ!"

"ನಾನು ಹಾಕಬಾರದು" ಎಂದಳು. "ಇದು ನನ್ನ ಲೆಕ್ಕ. ನೀನು ಕೂಡಿ ನೋಡು. ಸರಿ ಇದ್ರೆ ನೀನು ಹಾಕು."

ಪೆನ್ನನ್ನು ನನ್ನ ಕೈಗಿಟ್ಟಳು. ನನಗೆ ಲೆಕ್ಕವೆಂದರೆ ಮೊದಲಿಂದಲೂ ಅಷ್ಟಕ್ಕಷ್ಟೆ. ಬೆರಳು ಮಡಿಸಿ, ತುಟಿ ಅಲುಗಿಸಿ, ದಶಕ ಮರೆತು ಮತ್ತೆ ಮೊದಲಿಂದ ಶುರುಮಾಡಿ, ಅಂತೂ ಕೂಡಿದೆ. ಅವಳು ಆತುರ ಮಾಡಲಿಲ್ಲ, ಉತ್ತರ ಹೇಳಿಕೊಡಲೂ ಇಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ತಾಳೆಯಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡು ಹಾಳೆಯೇ ಸರಿಯಾಗಿ ಕಾಣದಿದ್ದರೂ ನನ್ನ ಅಕ್ಕನ ಮೊತ್ತದ ಪಕ್ಕದಲ್ಲಿ ನಾನು ಒಂದು ದೊಡ್ಡ ಸೊಟ್ಟ ಹಸಿರು ಟಿಕ್ ಹಾಕಿದೆ.

ಮೇಜಿನ ಮೇಲೆ ಕತ್ತರಿ ಅದುರುವುದು ನಿಂತಿತು. ಬಗ್ಗಿ ನೋಡಿದೆ. ಅಕ್ಕನ ಎರಡು ಪಾದಗಳೂ ನೆಲದ ಮೇಲಿದ್ದವು.